ಐವತ್ತಾರು ದಿನದ ಸೊನ್ನೆಗಳು

ಯಾರಾದರೂ ‘ಪಾಸಿಟಿವ್ ಆಗಿರಿ’ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊಟ್ಟೆಯಲ್ಲಿ ಕ್ಯಾನ್ಸರ್ ಇಟ್ಟುಕೊಂಡು ಎರಡು ವರ್ಷದಿಂದ ಆಸ್ಪತ್ರೆ ಸುತ್ತುತ್ತಿರುವವಳು ನಾನು. ಆಸೆ ಇಲ್ಲದಿದ್ದರೆ ಇಷ್ಟು ದೂರ ಬರುತ್ತಿದ್ದೆನೇ? ನನ್ನ ನಾದಿನಿ ಜಯದೇವಿ ಮಾತ್ರ, ಆಸೆ ಎನ್ನುವುದು ನಮ್ಮ ಮನೆಯಲ್ಲಿ ಸಿಗದ ಸಾಮಾನು ಎನ್ನುವ ಹಾಗೆ, ಲಗ್ಗೆರೆಯಿಂದ ಎರಡು ಬಸ್ಸು ಬದಲಾಯಿಸಿ ಪ್ರತಿ ಭಾನುವಾರ ಹೊತ್ತು ತರುತ್ತಾಳೆ.

“ಅತ್ತಿಗೆ, ನೀವು ಸಿಟ್ಟು ಮಾಡ್ಕೋಬಾರ್ದು. ಸಿಟ್ಟಿಂದಾನೇ ಗೆಡ್ಡೆ ಬೆಳೆಯೋದಂತೆ. ನಗ್ತಾ ನಗ್ತಾ ಇರಿ.”

“ನಗ್ತಾ ಇದ್ದೋರೂ ಸತ್ತಿದಾರೆ ಕಣೇ. ಕಾಫಿ ಆರೋಗುತ್ತೆ, ಕುಡಿ,” ಎಂದೆ.

ನಾನು ಪುಟ್ಟಲಕ್ಷ್ಮಿ. ಹೆಗ್ಗನಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಗಣಿತ ಹೇಳಿಕೊಟ್ಟೆ. ಮಾರೇನಹಳ್ಳಿಯ ಮನೆಯಲ್ಲಿ ನಾನು, ನನ್ನ ಗಂಡ ಜಗನ್ನಾಥ, ಇಬ್ಬರೇ. ಮಕ್ಕಳಾಗಲಿಲ್ಲ. ಐವತ್ತೇಳನೇ ವಯಸ್ಸಿಗೆ ಅಂಡಾಶಯದಲ್ಲಿ ಕ್ಯಾನ್ಸರ್ ಕಾಣಿಸಿತು. ಒಂದು ಆಪರೇಷನ್, ಎರಡು ಸುತ್ತು ಕೀಮೋ ಆಯಿತು. ತಲೆಗೂದಲು ಹೋಗಿ, ಬಂದು, ಮತ್ತೆ ಹೋಯಿತು. ಕೂದಲು ಎರಡನೇ ಸಲ ಬರುವ ಹೊತ್ತಿಗೆ ಗೆಡ್ಡೆಯೂ ಬಂದಿತ್ತು.

ನಮ್ಮ ಡಾಕ್ಟರ್ ಶ್ರೀಶ ನನ್ನ ಹಳೆಯ ವಿದ್ಯಾರ್ಥಿಗಳಷ್ಟೇ ವಯಸ್ಸಿನವರು. ಅವರು ಸುತ್ತಿ ಬಳಸಿ ಹೇಳಲಿಲ್ಲ. “ಮತ್ತೆ ಅದೇ ಇಂಜೆಕ್ಷನ್ ಕೊಟ್ರೆ ಹೆಚ್ಚೇನೂ ಉಪಯೋಗ ಇಲ್ಲ ಮೇಡಂ. ಒಂದು ಹೊಸ ಮಾತ್ರೆ ಪರೀಕ್ಷೆ ನಡೀತಾ ಇದೆ. ಇನ್ನೂ ಅಂಗಡಿಗೆ ಬಂದಿಲ್ಲ. ಕೆಲಸ ಮಾಡೇ ಮಾಡುತ್ತೆ ಅಂತ ನಾನು ಹೇಳಲ್ಲ. ಮಾಡಬಹುದು.” ನಗುತ್ತಾ ಇರಿ ಎಂದು ಅವರು ಹೇಳಲಿಲ್ಲ. ಅಷ್ಟಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಒಪ್ಪಿಗೆ ಪತ್ರ ಹತ್ತೊಂಬತ್ತು ಪುಟ ಇತ್ತು. ಪೂರ್ತಿ ಓದಿ, ಹನ್ನೊಂದು ಪ್ರಶ್ನೆ ಕೇಳಿ, ಆಮೇಲೆ ಸಹಿ ಹಾಕಿದೆ. ನನಗೆ ಬದುಕುವ ಆಸೆ ಇತ್ತು, ಈಗಲೂ ಇದೆ, ಅದನ್ನು ಹೇಳಿಕೊಳ್ಳಲು ನಾಚಿಕೆ ಇಲ್ಲ.

ಮಾತ್ರೆಯ ಜೊತೆಗೆ ಒಂದು ಡೈರಿ ಕೊಟ್ಟರು. ಪರೀಕ್ಷೆಯ ಕಾಗದಪತ್ರ ನೋಡಿಕೊಳ್ಳುವ ಹುಡುಗಿ ಮಾಲವಿಕಾ ಅದನ್ನು ನನ್ನ ಮುಂದೆ ಬಿಡಿಸಿಟ್ಟಳು. ದಿನಕ್ಕೊಂದು ಪುಟ. ಭೇದಿ, ವಾಂತಿ, ಕೈಕಾಲು ಜೋಮು, ಸುಸ್ತು, ತಲೆಸುತ್ತು. ಭೇದಿಗೆ ಎಷ್ಟು ಸಲ ಎಂದು ಬರೆಯಬೇಕು, ಉಳಿದವಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಬೇಕು. ಸೊನ್ನೆ ಎಂದರೆ ಏನೂ ತೊಂದರೆ ಇಲ್ಲ, ನಾಲ್ಕು ಎಂದರೆ ತಡೆಯಲಾರೆ.

“ಆಂಟಿ, ಮಾತ್ರೆಯಷ್ಟೇ ಇದೂ ಮುಖ್ಯ. ನೀವು ಬರೆದಿದ್ದನ್ನ ನೋಡೇ ಡೋಸ್ ಎಷ್ಟು ಅಂತ ಗೊತ್ತು ಮಾಡೋದು,” ಎಂದಳು.

“ಅಂಕ ಹಾಕೋದು ನನಗೆ ಹೇಳ್ಕೊಡ್ಬೇಡಮ್ಮ,” ಎಂದೆ.

ಮೊದಲ ವಾರ ನಾನೇ ಬರೆದೆ. ಎರಡನೇ ವಾರಕ್ಕೆ ಬೆರಳ ತುದಿಗಳು ಜೋಮು ಹಿಡಿದು ಪೆನ್ನು ನಿಲ್ಲದಾಯಿತು. ರವಿಕೆಯ ಹುಕ್ಕನ್ನೂ ಜಗನ್ನಾಥರೇ ಹಾಕಬೇಕಾಯಿತು. ಅವರ ಅಕ್ಷರ ಮುತ್ತು ಪೋಣಿಸಿದಂತೆ. ಮೂವತ್ನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಫೈಲು ಬರೆದವರು. ಸಂಜೆ ದೇವರಿಗೆ ದೀಪ ಹಚ್ಚಿ ಊಟದ ಮೇಜಿನ ಮುಂದೆ ಕುಳಿತು, ಹಾಜರಿ ಕೂಗಿದ ಹಾಗೆ ಒಂದೊಂದೇ ಕೇಳುತ್ತಿದ್ದರು. ಭೇದಿ? ಆರು ಸಲ ಎನ್ನುತ್ತಿದ್ದೆ. ಜೋಮು? ಮೂರು ಹಾಕಿ ಎನ್ನುತ್ತಿದ್ದೆ. ಅವರು ಬರೆಯುತ್ತಿದ್ದರು. ಕೊನೆಗೆ ಪೆನ್ನು ನನ್ನ ಮುಷ್ಟಿಯಲ್ಲಿಟ್ಟು ಕೆಳಗಿನ ಗೆರೆ ತೋರಿಸುತ್ತಿದ್ದರು, ನಾನು ಸೊಟ್ಟಗೆ ಸಹಿ ಎಳೆಯುತ್ತಿದ್ದೆ. ಓದುತ್ತಿರಲಿಲ್ಲ. ಓದದೆ ಸಹಿ ಹಾಕಬೇಡಿ ಎಂದು ಇಪ್ಪತ್ತೊಂಬತ್ತು ವರ್ಷ ಮಕ್ಕಳ ತಲೆ ತಿಂದವಳು ನಾನೇ. ಗಂಡನ ಕೈಬರಹವನ್ನು ಯಾರು ತಪಾಸಣೆ ಮಾಡುತ್ತಾರೆ?

ಹದಿನೈದು ದಿನಕ್ಕೊಮ್ಮೆ ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿ ಕಡೆಯ ಆಸ್ಪತ್ರೆಗೆ ಹೋಗುತ್ತಿದ್ದೆವು. ದಾರಿಯಲ್ಲಿ ಮರ್ಯಾದೆ ಹೋದೀತೆಂದು ಮಕ್ಕಳಂತೆ ಪ್ಯಾಡ್ ಕಟ್ಟಿಕೊಂಡು ಕೂರುತ್ತಿದ್ದೆ. ಡಾಕ್ಟರು ಹೇಗಿದ್ದೀರಿ ಎಂದು ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ಇವರು “ಚೆನ್ನಾಗಿದಾಳೆ ಸಾರ್” ಎನ್ನುತ್ತಿದ್ದರು. ನನಗೆ ಮಾತಾಡುವಷ್ಟು ತ್ರಾಣ ಇರುತ್ತಿರಲಿಲ್ಲ. “ಎಲ್ಲಾ ಡೈರಿಲಿದೆ, ನೋಡಿ ಡಾಕ್ಟ್ರೇ,” ಎಂದು ಸುಮ್ಮನಾಗುತ್ತಿದ್ದೆ. ಬರವಣಿಗೆಯಲ್ಲಿ ಇದ್ದ ಮೇಲೆ ಬಾಯಿಮಾತು ಯಾಕೆ ಎನ್ನುವುದು ನನ್ನ ಲೆಕ್ಕ.

ಐವತ್ತಾರನೇ ದಿನ ಸ್ಕ್ಯಾನ್ ಆಯಿತು. ಡಾಕ್ಟರ್ ಶ್ರೀಶ ಪರದೆಯನ್ನು ನಮ್ಮ ಕಡೆ ತಿರುಗಿಸಿ ಎರಡು ಚಿತ್ರ ತೋರಿಸಿದರು. ಗೆಡ್ಡೆ ಮೂರರಲ್ಲಿ ಒಂದು ಪಾಲು ಕರಗಿತ್ತು. ಅಂಥ ಸುದ್ದಿ ಎರಡು ವರ್ಷದಲ್ಲಿ ನಾನು ಕೇಳಿರಲಿಲ್ಲ. ಕಾರಿಡಾರಿನಲ್ಲಿ ಗಟ್ಟಿಯಾಗಿ ಕೂಗಬೇಕು ಅನ್ನಿಸಿತು. ಜಗನ್ನಾಥರು ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು.

ಹೊರಗೆ ಮಾಲವಿಕಾ ಹಲ್ಲು ಕಿರಿಯುತ್ತಾ ಕಾದಿದ್ದಳು. “ಆಂಟಿ, ನೀವು ನಮ್ಮ ಸ್ಟಾರ್ ಪೇಷೆಂಟ್! ಇಷ್ಟು ಚೆನ್ನಾಗಿ ಯಾರೂ ತಡ್ಕೊಂಡಿಲ್ಲ. ನಾಳೆಯಿಂದ ನಿಮಗೆ ಎರಡರ ಬದಲು ಮೂರು ಮಾತ್ರೆ. ಮುಂದಿನ ಬ್ಯಾಚಲ್ಲಿ ಆರು ಜನ ಬರ್ತಿದಾರೆ, ಅವರಿಗೆ ಶುರುನಲ್ಲೇ ಮೂರು.”

“ಚೆನ್ನಾಗಿ ತಡ್ಕೊಂಡಿದೀನಿ ಅಂತ ಯಾರಮ್ಮ ಹೇಳಿದ್ದು?”

“ನೀವೇ! ನೋಡಿ,” ಎಂದು ಡೈರಿ ತೆರೆದಳು.

ಮೊದಲ ಏಳು ಪುಟ ನನ್ನ ಅಕ್ಷರ, ಒಂದು, ಎರಡು, ಒಂದು. ಅಲ್ಲಿಂದ ಮುಂದೆ ಮುತ್ತಿನಂಥ ಅಕ್ಷರ. ಭೇದಿ ಒಂದು ಸಲ. ವಾಂತಿ ಸೊನ್ನೆ. ಜೋಮು ಸೊನ್ನೆ. ಸುಸ್ತು ಸೊನ್ನೆ, ಎಲ್ಲೋ ಒಂದೆರಡು ಕಡೆ ನಂಬಿಕೆ ಬರಲಿ ಎಂದು ಒಂದು. ಪುಟದ ಮೇಲೆ ಪುಟ, ದುಂಡಗೆ, ಅಂದವಾಗಿ ಸೊನ್ನೆ. ಪ್ರತಿ ಪುಟದ ಕೆಳಗೂ ನನ್ನ ಸೊಟ್ಟ ಸಹಿ. ಆ ಸಹಿ ನೋಡಿಯಾದರೂ ಕೈ ಜೋಮು ಹಿಡಿದಿದೆ ಎಂದು ಆಸ್ಪತ್ರೆಯವರಿಗೆ ಹೊಳೆಯಬಾರದಿತ್ತೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಇವರ ಕಡೆ ನೋಡಿದೆ. ಇವರು ಗೋಡೆಯ ಮೇಲಿದ್ದ ಕೈ ತೊಳೆಯುವ ವಿಧಾನದ ಚಿತ್ರ ನೋಡುತ್ತಿದ್ದರು.

“ಒಂದ್ನಿಮಿಷ ಬರ್ತೀವಿ,” ಎಂದು ಮಾಲವಿಕಾಗೆ ಹೇಳಿ, ಇವರ ತೋಳು ಹಿಡಿದು ಲಿಫ್ಟಿನ ಪಕ್ಕಕ್ಕೆ ಎಳೆದುಕೊಂಡು ಹೋದೆ.

“ಏನ್ರೀ ಇದು?”

“ಮೆತ್ತಗೆ ಮಾತಾಡು.”

“ಮೆತ್ತಗೆ ಯಾಕೆ? ಆರು ಸಲ ಅಂದ್ರೆ ಒಂದು ಅಂತ ಬರೆದಿದೀರ. ನಾನು ಪಾಯಖಾನೆ ನೆಲದ ಮೇಲೆ ಕೂತು ಅತ್ತ ದಿನಾನೂ ಸೊನ್ನೆ!”

“ರೇವಣಸಿದ್ದಯ್ಯನವರು ನೆನಪಿದಾರಾ ನಿನಗೆ?” ಎಂದರು. ನೆನಪಿತ್ತು. ಮಾತ್ರೆ ಶುರುವಾಗುವ ಮುಂಚೆ ರಕ್ತಪರೀಕ್ಷೆಗೆ ಓಡಾಡುವಾಗ ನಮ್ಮ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಕೆಂಗೇರಿಯ ಹಿರಿಯರು, ಹೆಂಡತಿಯನ್ನು ಕರೆತರುತ್ತಿದ್ದರು. “ಅವರು ಎಲ್ಲಾ ನಿಜ ಬರೆಸಿದ್ರು. ಮೂರನೇ ಸಲಕ್ಕೆ ಆಕೆನ ತೆಗೆದು ಹಾಕಿದ್ರು. ಆ ಮನುಷ್ಯ ಇದೇ ಲಿಫ್ಟ್ ಹತ್ರ ನಿಂತು ನನ್ನ ಕೈ ಹಿಡ್ಕೊಂಡು, ‘ಬರೀಬಾರ್ದಿತ್ತು ಸಾರ್, ಬರೀಬಾರ್ದಿತ್ತು’ ಅಂದ್ರು. ಫೈಲಲ್ಲಿ ತಕರಾರು ಕಾಣಿಸಿದ್ರೆ ಫೈಲು ವಾಪಸ್ ಬರುತ್ತೆ ಲಕ್ಷ್ಮೀ. ಮೂವತ್ನಾಲ್ಕು ವರ್ಷ ನಾನು ಅದನ್ನೇ ನೋಡಿದೀನಿ. ನಿನ್ನ ಫೈಲು ವಾಪಸ್ ಬರಬಾರ್ದಿತ್ತು, ಅಷ್ಟೇ.”

“ನಾನು ಫೈಲೇನ್ರೀ?”

ನನಗೆ ಅವರ ಕೆನ್ನೆಗೆ ಬಾರಿಸಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು. ಆದರೆ ಒಂದು ಮಾತು ಮುಚ್ಚಿಡುವುದಿಲ್ಲ. ಆ ಗಳಿಗೆಯಲ್ಲಿ ನಾನೂ ಲೆಕ್ಕ ಹಾಕಿದೆ. ಬಾಯಿ ಮುಚ್ಚಿಕೊಂಡರೆ ಮಾತ್ರೆ ಮುಂದುವರಿಯುತ್ತದೆ. ಮೂರರಲ್ಲಿ ಒಂದು ಪಾಲು ಕರಗಿದೆ, ಉಳಿದ ಎರಡು ಪಾಲೂ ಕರಗಬಹುದು. ಬಾಯಿ ಬಿಟ್ಟರೆ ರೇವಣಸಿದ್ದಯ್ಯನವರ ಹೆಂಡತಿಗೆ ಆದದ್ದೇ ನನಗೂ. ಮೂರನೇ ಮಾತ್ರೆಯನ್ನು ಸದ್ದಿಲ್ಲದೆ ಬಚ್ಚಲಿಗೆ ಹಾಕಿದರಾಯಿತು ಎನ್ನುವವರೆಗೂ ಯೋಚನೆ ಹೋಯಿತು. ಆಮೇಲೆ ಆ ಆರು ಜನ ನೆನಪಾದರು. ಯಾರ ಮನೆಯವರೋ, ನನ್ನ ಸಹಿ ನಂಬಿಕೊಂಡು ಮೊದಲ ದಿನವೇ ಮೂರು ನುಂಗುವವರು. ಎರಡಕ್ಕೇ ನಾನು ಗೋಡೆ ಹಿಡಿದು ನಡೆಯುತ್ತಿದ್ದೆ.

ನೇರ ಡಾಕ್ಟರ ಕೋಣೆಗೆ ಹೋಗಿ, “ಆ ಡೈರಿ ಸುಳ್ಳು,” ಎಂದೆ.

ಡಾಕ್ಟರ್ ಶ್ರೀಶ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಡೈರಿಯನ್ನು ಮೊದಲಿಂದ ಕೊನೆವರೆಗೆ ತಿರುವಿ, ಹಣೆ ಉಜ್ಜಿಕೊಂಡರು. “ರಕ್ತದಲ್ಲಿ ಉಪ್ಪಿನಂಶ ಎರಡು ಸಲ ಕಮ್ಮಿ ಬಂದಿತ್ತು. ಡೈರಿ ನೋಡಿ, ಊಟ ಸರಿಯಾಗಿ ಮಾಡ್ತಿಲ್ಲ ಅಷ್ಟೇ ಅಂದ್ಕೊಂಡ್ವಿ. ಇವತ್ತಿಂದ ಮಾತ್ರೆ ನಿಲ್ಲಿಸಿ. ದಿನದಿನಕ್ಕೂ ನಿಜವಾಗಿ ಏನಾಯ್ತು ಅಂತ ಬರೆದು ಶುಕ್ರವಾರ ತನ್ನಿ. ನೆನಪಿಲ್ಲ ಅಂದ್ರೆ ನೆನಪಿಲ್ಲ ಅಂತಾನೇ ಬರೀರಿ. ನಿಮ್ಮನ್ನ ಇಟ್ಕೊಳ್ಳೋದಾ ಬೇಡ್ವಾ ಅಂತ ನಾನೊಬ್ನೇ ಹೇಳಕ್ಕಾಗಲ್ಲ, ಕಮಿಟಿ ನೋಡುತ್ತೆ.”

“ಇಟ್ಕೊಳ್ಳೋ ಸಾಧ್ಯತೆ ಎಷ್ಟು?”

“ಬರೀ ಭೇದಿ, ಜೋಮು ಆಗಿದ್ರೆ ಡೋಸ್ ಕಮ್ಮಿ ಮಾಡಿ ಇಟ್ಕೋಬಹುದು. ಅದಕ್ಕಿಂತ ದೊಡ್ಡದು ಏನಾದ್ರೂ ಆಗಿದ್ರೆ ಕಷ್ಟ.”

ಅದಕ್ಕಿಂತ ದೊಡ್ಡದು ಏನೂ ಆಗಿರಲಿಲ್ಲ. ಹಾಗಾಗಿ ಉಳಿಯುತ್ತೇನೆ ಎಂಬ ಆಸೆಯಿಂದಲೇ ಮನೆಗೆ ಬಂದೆ. ಮೆಟ್ರೊದಲ್ಲಿ ಇವರು ಪಕ್ಕದಲ್ಲಿ ಕುಳಿತರು, ನಾನು ಎದ್ದು ಎದುರು ಸೀಟಿಗೆ ಹೋದೆ.

ಎರಡು ದಿನ ಮನೆಯಲ್ಲಿ ಮಾತಿಲ್ಲ. ಅನ್ನ, ಸಾರು, ನೀರು, ಅಷ್ಟೇ ಶಬ್ದ. ಮೂರನೇ ದಿನ ಬೆಳಿಗ್ಗೆ ಪೆನ್ನಿಗೆ ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿ, ಮುಷ್ಟಿಯಲ್ಲಿ ಹಿಡಿದು ಬರೆಯಲು ಕುಳಿತೆ. ಒಂಬತ್ತನೇ ದಿನಕ್ಕೇ ನಿಂತೆ. ಯಾವ ದಿನ ಐದು, ಯಾವ ದಿನ ಏಳು? ಎಲ್ಲ ಒಂದೇ ನೋವಾಗಿ ಕಲಸಿಹೋಗಿತ್ತು. ‘ನೆನಪಿಲ್ಲ’ ಎಂದು ಐವತ್ತು ಸಲ ಬರೆದರೆ ಯಾವ ಕಮಿಟಿ ನನ್ನನ್ನು ನಂಬುತ್ತದೆ?

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಇವರು ಮೆಲ್ಲಗೆ ಹೇಳಿದರು. “ಒಂಬತ್ತನೇ ದಿನ ಗ್ಯಾಸ್ ಸಿಲಿಂಡರ್ ಬಂದಿತ್ತು. ಐದು ಸಲ. ಮಧ್ಯಾಹ್ನದೊಳಗೆ ಮೂರು, ಸಂಜೆ ಎರಡು. ಒಂದು ಸಲ ವಾಂತಿ.”

ನಾನು ತಲೆ ಎತ್ತಿದೆ.

“ಹತ್ತನೇ ದಿನ ನಾಲ್ಕು. ಜೋಮು ಎರಡು ಹಾಕಿ ಅಂದಿದ್ದೆ. ಹನ್ನೊಂದನೇ ದಿನ ಜಯದೇವಿ ಬಂದಿದ್ಲು, ಅವಳಿರೋ ತನಕ ತಡ್ಕೊಂಡಿದ್ದೆ, ಅವಳು ಹೋದ್ಮೇಲೆ ಒಂದೇ ಗಂಟೇಲಿ ಮೂರು.”

“ನಿಮಗೆ ಹೇಗ್ರೀ ಗೊತ್ತು ಇಷ್ಟು?”

“ನೀನು ಒಳಗೆ ಹೋದಾಗೆಲ್ಲ ನಾನು ಬಾಗಿಲ ಆಚೆ ನಿಂತಿರ್ತಿದ್ದೆ. ಬಿದ್ದುಗಿದ್ದೀಯ ಅಂತ.”

ಎದೆ ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಇಮ್ಮಡಿಯಾಯಿತು. ಇಷ್ಟೆಲ್ಲ ಗೊತ್ತಿದ್ದೂ, ಒಂದೊಂದನ್ನೂ ಎಣಿಸಿಯೂ, ಆ ಕೈ ಸೊನ್ನೆ ಬರೆಯಿತಲ್ಲ! ಗೊತ್ತಿಲ್ಲದವನು ತಪ್ಪು ಬರೆದರೆ ಕ್ಷಮಿಸಬಹುದು. “ಕೂತ್ಕೊಳ್ಳಿ. ಹೇಳಿ,” ಎಂದೆ. ಅವರು ಎದುರಿಗೆ ಕುಳಿತರು. ಅವರು ಹೇಳಿದರು, ನಾನು ಬರೆದೆ. ದೊಡ್ಡ ದೊಡ್ಡ ಅಕ್ಷರ, ಒಂದನೇ ತರಗತಿಯ ಮಗು ಬರೆದಂತೆ. ನೀರು ಬಾರದ ದಿನ, ಕರೆಂಟು ಹೋದ ದಿನ, ಎದುರು ಮನೆಯವರ ಗೃಹಪ್ರವೇಶದ ದಿನ, ಎಲ್ಲದಕ್ಕೂ ಒಂದೊಂದು ಲೆಕ್ಕ ಅವರ ತಲೆಯಲ್ಲಿತ್ತು. ನನ್ನ ಹತ್ತಿರ ಇಲ್ಲದ ನನ್ನ ಎರಡು ತಿಂಗಳು ಅವರ ಬಳಿ ಇತ್ತು.

ನಲವತ್ತನೇ ದಿನ ಆರು ಸಲ. ಮುಂದಿನದಕ್ಕೆ ಮೊದಲು ಅವರು ಎದ್ದು ನೀರು ಕುಡಿದು ಬಂದರು.

“ನಲವತ್ತೊಂದು?”

“ಅವತ್ತು ಎಂಟು. ಬರ್ಕೋ. ನಲವತ್ತೆರಡಕ್ಕೆ—”

“ನಿಲ್ಲಿ, ಆ ಎಂಟು ಸಲ ಆದ ದಿನ ಮಧ್ಯಾಹ್ನ ನಾನು ತುಂಬಾ ಹೊತ್ತು ಮಲಗಿದ್ದೆ ಅಲ್ವಾ? ಅದು ನೆನಪಿದೆ.”

“ಹೂಂ. ಮಲಗಿದ್ದೆ.”

ಕಾಪಿ ಹೊಡೆದ ಮಕ್ಕಳನ್ನು ಇಪ್ಪತ್ತೊಂಬತ್ತು ವರ್ಷ ಹಿಡಿದವಳಿಗೆ ಆ ಮುಖ ಗೊತ್ತು. “ಜಗನ್ನಾಥ,” ಎಂದೆ. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನಾನು ಅವರನ್ನು ಹೆಸರು ಹಿಡಿದು ಕೂಗಿದ್ದು ಅದೇ ಮೊದಲು.

ಅವರು ಮೇಜಿನ ಅಂಚು ಹಿಡಿದುಕೊಂಡರು. “ನೀನು ಮಲಗಿರಲಿಲ್ಲ. ಹಾಲ್‌ನಲ್ಲಿ ಕೂತಿದ್ದೆ. ನಾನು ನೀರು ತಂದ್ರೆ ನನ್ನೇ ನೋಡಿ, ‘ಮೀಟರ್ ರೀಡಿಂಗ್‌ಗೆ ಬಂದ್ರಾ?’ ಅಂದೆ. ನಾನು ತಮಾಷೆ ಅಂದ್ಕೊಂಡೆ. ‘ನಮ್ಮನೆಯವರು ಆಫೀಸಿಗೆ ಹೋಗಿದಾರೆ, ಸಂಜೆ ಬನ್ನಿ’ ಅಂದೆ ನೀನು. ನನ್ನ ಗುರುತೇ ಸಿಗಲಿಲ್ಲ ನಿನಗೆ. ನಿಂಬೆಹಣ್ಣಿನ ನೀರಿಗೆ ಉಪ್ಪು ಸಕ್ಕರೆ ಹಾಕಿ ಕುಡಿಸಿದೆ. ಮುಕ್ಕಾಲು ಗಂಟೆ ನೀನು ಹಾಗೇ ಇದ್ದೆ. ಆಮೇಲೆ ಸೋಫಾ ಮೇಲೆ ಒರಗಿದೋಳು, ಎದ್ದು ‘ಕಾಫಿ ಮಾಡ್ಲೇನ್ರೀ’ ಅಂದೆ.”

“ಆಸ್ಪತ್ರೆಗೆ ಫೋನ್ ಮಾಡಲಿಲ್ವಾ?”

“ನಂಬರ್ ಒತ್ತಿ ಇಟ್ಕೊಂಡಿದ್ದೆ. ಮಾಡಲಿಲ್ಲ.”

“ನಾನು ಸತ್ತು ಹೋಗ್ತಿದ್ದೆ ಕಣ್ರೀ!”

“ಗೊತ್ತು,” ಎಂದರು. “ಮಾತ್ರೆ ನಿಲ್ಲಿಸಿದ್ರೂ ಸಾಯ್ತಿದ್ದೆ ಅಲ್ವಾ? ಯಾವುದು ಅಂತ ನಾನೊಬ್ನೇ ಹೇಗೆ ಗೊತ್ತು ಮಾಡ್ಲಿ? ಲಕ್ಷ್ಮೀ, ಇದೊಂದು ಬರೀಬೇಡ. ಉಳಿದಿದ್ದೆಲ್ಲ ಬರಿ. ಡಾಕ್ಟರು ಹೇಳಿದ್ದು ಕೇಳಿಸ್ಕೊಂಡೆ ತಾನೆ? ಎಂಟು ಸಲ ಅಂತ ಹಾಕು, ಸಾಕು. ಇದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ.”

ಪೆನ್ನು ಹಿಡಿದ ಮುಷ್ಟಿ ಹಾಗೇ ನಿಂತಿತು. ಇಲ್ಲಿಯವರೆಗಿನ ಸುಳ್ಳು ಅವರದು, ಬೈಯುವುದು ಸುಲಭವಿತ್ತು. ಇದನ್ನು ಬಿಟ್ಟರೆ ಸುಳ್ಳು ನನ್ನದು. ಬಿಡಬೇಕು ಎಂದೇ ಅನ್ನಿಸಿತು, ದೇವರಾಣೆ ಅನ್ನಿಸಿತು. ನಾನು ಸತ್ಯಹರಿಶ್ಚಂದ್ರನ ವಂಶದವಳಲ್ಲ. ನನಗೆ ಬದುಕಬೇಕು. ಆ ಮಾತ್ರೆ ನನ್ನ ಹೊಟ್ಟೆಯಲ್ಲಿ ಕೆಲಸ ಮಾಡಿದ್ದನ್ನು ಕಣ್ಣಾರೆ ನೋಡಿ ಬಂದಿದ್ದೆ. ಕಾಲು ಗಂಟೆ ಹಾಗೇ ಕುಳಿತೆ. ಅದೇ ಮಾತ್ರೆ ನುಂಗಿ, ಒಲೆಯ ಮೇಲೆ ಹಾಲಿಟ್ಟು, ತಾನು ಯಾರೆಂದೇ ಮರೆತು ನಿಲ್ಲುವ ಯಾವಳೋ ಒಬ್ಬಳು ಕಣ್ಣ ಮುಂದೆ ಬಂದಳು. ಅವಳ ಮನೆಯಲ್ಲಿ ಬಾಗಿಲಾಚೆ ನಿಲ್ಲುವವರು ಯಾರೂ ಇಲ್ಲದಿದ್ದರೆ?

ಬರೆದೆ. ‘ಗಂಡನ ಗುರುತು ಸಿಗಲಿಲ್ಲ. ಮುಕ್ಕಾಲು ಗಂಟೆ.’ ಬರೆಯುವಾಗ ಕಣ್ಣಿಂದ ನೀರು ಸುರಿಯಿತು. ಅವರ ಮೇಲೆ, ರೋಗದ ಮೇಲೆ, ನನ್ನ ಮೇಲೆ, ಎಲ್ಲದರ ಮೇಲೂ ಸಿಟ್ಟು. ಬರೆದ ಹಾಳೆಯನ್ನು ಅವರ ಮುಂದೆ ತಳ್ಳಿ, “ನೀವೂ ಸಹಿ ಹಾಕಿ. ಈ ಸಲ ಓದಿ ಹಾಕಿ,” ಎಂದೆ. ಹಾಕಿದರು.

ಶುಕ್ರವಾರ ಕೊಟ್ಟು ಬಂದೆವು. ಒಂಬತ್ತು ದಿನ ಕಾದೆವು. ಜಯದೇವಿ ಭಾನುವಾರ ಬಂದು, ಒಳ್ಳೇದೇ ಆಗುತ್ತೆ ಅಂದ್ಕೊಳ್ಳಿ ಅತ್ತಿಗೆ ಎಂದಳು. ಅಂದುಕೊಳ್ಳದೆ ಇನ್ನೇನು ಮಾಡುತ್ತಿದ್ದೆ ನಾನು, ಹಗಲೂ ಇರುಳೂ?

ಸೋಮವಾರ ಹನ್ನೊಂದು ಗಂಟೆಗೆ ಮಾಲವಿಕಾ ಫೋನ್ ಮಾಡಿದಳು. ಅವಳ ಉಸಿರು ಕೇಳಿಯೇ ನನಗೆ ಗೊತ್ತಾಯಿತು.

“ಆಂಟಿ, ನಿಮ್ಮನ್ನ ತೆಗೀಬೇಕಾಗಿದೆ. ಗುರುತು ಸಿಗದಂಗೆ ಒಂದು ಸಲ ಆದ್ರೂ ಮಾತ್ರೆ ಮತ್ತೆ ಕೊಡಂಗಿಲ್ಲ. ರೂಲ್ಸು.”

“ಆ ಆರು ಜನ?”

“ಮೂರು ಮಾತ್ರೆ ಯಾರಿಗೂ ಕೊಡ್ತಿಲ್ಲ. ಎಲ್ಲರಿಗೂ ಡೋಸ್ ಕಮ್ಮಿ ಮಾಡಿದಾರೆ.” ದನಿ ತಗ್ಗಿಸಿ ಮತ್ತೆ ಹೇಳಿದಳು. “ಆಂಟಿ, ನಿಮ್ಮ ಕಾಗದ ಬಂದ್ಮೇಲೆ ಉಳಿದ ಮನೆಯವರನ್ನೆಲ್ಲ ಕೂರಿಸಿ ಕೇಳಿದ್ವಿ. ಇನ್ನೂ ಮೂರು ಜನಕ್ಕೆ ನಿಮ್ಮ ಥರಾನೇ ಆಗಿತ್ತು. ಒಬ್ಬರು ಮಗಳನ್ನ ಯಾರಮ್ಮ ನೀನು ಅಂದಿದ್ರಂತೆ. ಒಬ್ಬರೂ ಬರೆದಿರಲಿಲ್ಲ. ಎಲ್ಲರೂ ಸೊನ್ನೆ ಹಾಕಿದ್ರು. ಅವರದ್ದೂ ಈಗ ನಿಂತಿದೆ.”

ಫೋನನ್ನು ಡಾಕ್ಟರ್ ಶ್ರೀಶ ತೆಗೆದುಕೊಂಡರು. ಕರಗಿದ್ದು ಕರಗಿದೆ, ಅದಂತೂ ನಮ್ಮ ಲಾಭ, ಗುರುವಾರದಿಂದ ಬೇರೆ ಇಂಜೆಕ್ಷನ್ ವಾರಕ್ಕೊಂದು ಕೊಟ್ಟು ನೋಡೋಣ, ಇನ್ನೊಂದು ಪರೀಕ್ಷೆ ಬಂದರೆ ಮೊದಲು ನಿಮಗೇ ತಿಳಿಸುತ್ತೇನೆ ಎಂದರು. ಬರುತ್ತೇನೆ ಎಂದೆ.

ಮೂರು ಮನೆಯವರು ಈಗ ನನಗೆ ಶಾಪ ಹಾಕುತ್ತಿರಬಹುದು. ಹಾಕಲಿ. ಅವರ ಜಾಗದಲ್ಲಿದ್ದರೆ ನಾನೂ ಹಾಕುತ್ತಿದ್ದೆ.

ಜಗನ್ನಾಥರು ಎದುರಿಗೆ ನಿಂತೇ ಇದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಮೆಲ್ಲಗೆ ನನ್ನ ಪಕ್ಕ ಕುಳಿತು, “ನನ್ನ ಕ್ಷಮಿಸ್ತೀಯಾ?” ಎಂದು ಕೇಳಿದರು.

“ಇಲ್ಲ,” ಎಂದೆ. “ಅಷ್ಟು ಬೇಗ ಕ್ಷಮಿಸಿದ್ರೆ, ಇವಳು ಸಾಯೋಕೆ ರೆಡಿ ಆಗಿದಾಳೆ ಅಂತ ನೀವು ಅಂದ್ಕೊಂಡ್ಬಿಡ್ತೀರ. ನಿಮ್ಮ ಮೇಲಿನ ಸಿಟ್ಟು ತೀರೋಕೆ ನನಗೆ ಏನಿಲ್ಲ ಅಂದ್ರೂ ಹತ್ತು ವರ್ಷ ಬೇಕು. ಆ ಹತ್ತು ವರ್ಷಾನೂ ನನಗೆ ಬೇಕು ಕಣ್ರೀ. ಗುರುವಾರ ಎಷ್ಟು ಗಂಟೆಗೆ ಹೊರಡ್ಬೇಕು ನೋಡಿ.”